ಆಪ್ತವಚನವೂ ಅಂಗಡಿಯ ಮಾತೂ

ಸಭೆಯಲ್ಲಿ ಎದ್ದುನಿಂತು ಒಂದು ವಸ್ತುವನ್ನು ಹೊಗಳಿದವನಿಗೆ ಆ ಹೊಗಳಿಕೆಯ ಋಣವು ಎಷ್ಟು ಕಾಲ ಅಂಟಿಕೊಂಡಿರುತ್ತದೆ? ಚಪ್ಪಾಳೆಯು ನಿಂತೊಡನೆ ಅದು ಸಂದುಹೋಯಿತೆನ್ನಬಹುದೆ? ಅಥವಾ ಆ ಮಾತನ್ನು ನಂಬಿ ತನ್ನ ಆಯುಸ್ಸಿನ ಎರಡು ಮೂರು ವರ್ಷಗಳನ್ನು ವ್ಯಯಮಾಡಿದ ಕಟ್ಟಕಡೆಯ ಕೇಳುಗನು ತನ್ನ ಲಾಭನಷ್ಟಗಳ ಲೆಕ್ಕವನ್ನು ಮುಗಿಸುವವರೆಗೂ ಅದು ಉಳಿದಿರುತ್ತದೆನ್ನಬೇಕೆ? ಪ್ರಶ್ನೆಯು ಹಳೆಯದು. ಔಷಧವನ್ನು ಕೊಂಡಾಡುವ ವೈದ್ಯನಿಗೂ, ವರನ ಗುಣವನ್ನು ಬಣ್ಣಿಸುವ ನೆಂಟನಿಗೂ, ಕ್ಷೇತ್ರದ ಮಹಿಮೆಯನ್ನು ಹೇಳುವ ಪೌರಾಣಿಕನಿಗೂ ಇದು ಅನ್ವಯಿಸತಕ್ಕದ್ದೇ. ಈಚೆಗೆ ಇದು ಬೆಂಗಳೂರಿನ ಉತ್ತರಭಾಗದಲ್ಲಿ ಹೊಸದೊಂದು ವೇಷವನ್ನು ತೊಟ್ಟು ಬಂದಿರುವುದರಿಂದ ಮತ್ತೊಮ್ಮೆ ವಿಚಾರಕ್ಕೆ ಅರ್ಹವಾಗಿದೆ.

ತುಮಕೂರು ರಸ್ತೆಯ ಎಂಟನೆಯ ಮೈಲಿಯಲ್ಲಿ ಹೆಸರಘಟ್ಟದ ಕಡೆಗೆ ಹೊರಳಿದರೆ ಬಾಗಲಗುಂಟೆಯು ಸಿಕ್ಕುತ್ತದೆ. ಹಿಂದೆ ಅದೊಂದು ಹಳ್ಳಿ. ೧೯೭೦ರ ದಶಕದಿಂದ ಪೀಣ್ಯದ ಕಾರ್ಖಾನೆಗಳು ಬೆಳೆಯುತ್ತ ಬಂದಂತೆ ಹೊರಜಿಲ್ಲೆಗಳಿಂದ ಕೆಲಸವನ್ನರಸಿ ಬಂದವರು ಸುತ್ತಲೂ ನೆಲಸಿದರು. ೨೦೦೭ರಲ್ಲಿ ದಾಸರಹಳ್ಳಿಯ ಸುತ್ತಣ ಪ್ರದೇಶವು ಬೆಂಗಳೂರಿನ ಮಹಾನಗರಪಾಲಿಕೆಯೊಳಗೆ ಸೇರಿತು. ೨೦೧೫ರಲ್ಲಿ ಮೆಟ್ರೋ ರೈಲು ನಾಗಸಂದ್ರಕ್ಕೆ ಬಂದಿತು. ೨೦೨೪ನೆಯ ನವೆಂಬರಿನಿಂದ ಅದು ಮಾದಾವರದ ವಸ್ತುಪ್ರದರ್ಶನ ಮಂದಿರದವರೆಗೂ ಹೋಗುತ್ತಿದೆ. ಲೇತಿನ ಮುಂದೆ ನಿಂತು ಸಂಸಾರವನ್ನು ಸಾಗಿಸಿದವನ ಮಗನು ಈಗ ಅದೇ ರೈಲನ್ನೇರಿ ಉತ್ತರಕ್ಕೆ ಹೋದರೆ ಯಂತ್ರಗಳ ಪ್ರದರ್ಶನವನ್ನು ಕಾಣುತ್ತಾನೆ. ದಕ್ಷಿಣಕ್ಕೆ ಹೋಗಿ ಯಶವಂತಪುರದಲ್ಲಿಳಿದರೆ ಭಾರತೀಯ ವಿಜ್ಞಾನ ಸಂಸ್ಥೆಯು ದೂರವಿಲ್ಲ. ಪೈಥಾನ್ ಎಂಬ ಗಣಕಭಾಷೆಯನ್ನು ಕುರಿತ ಭಾರತದ ಮೊದಲನೆಯ ಸಮ್ಮೇಳನವು ೨೦೦೯ರಲ್ಲಿ ನಡೆದುದು ಆ ಸಂಸ್ಥೆಯಲ್ಲಿಯೇ. ಮರುವರ್ಷದ್ದು ಹತ್ತಿರದ ರಾಮಯ್ಯ ವಿದ್ಯಾಲಯದಲ್ಲಿ ನಡೆಯಿತು. ಅಂದಿನಿಂದ ಇಂದಿನವರೆಗೆ ಬೆಂಗಳೂರಿನಲ್ಲಿ ಇಂತಹ ಭಾಷೆಗಳ ಹೆಸರಿನಲ್ಲಿ ನಡೆದ ಸಭೆಗಳನ್ನು ಎಣಿಸುವುದು ಕಷ್ಟ.

ಗಣಕಯಂತ್ರಕ್ಕೆ ಕೆಲಸವನ್ನು ವಿಧಿಸಲು ಮನುಷ್ಯನು ಕಟ್ಟಿಕೊಂಡ ಕೃತಕಭಾಷೆಗಳುಂಟೆಂಬುದನ್ನು ಇಂದಿನ ಮನೆಗಳಲ್ಲಿ ವಿವರಿಸಿ ಹೇಳಬೇಕಾದುದಿಲ್ಲ. ಮಕ್ಕಳೋ ಮೊಮ್ಮಕ್ಕಳೋ ಅವುಗಳಿಂದ ಅನ್ನವನ್ನು ಸಂಪಾದಿಸುತ್ತಿರುವರು. ಗಮನಿಸತಕ್ಕದ್ದು ಒಂದೇ. ತಾಯ್ನುಡಿಯನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಕನ್ನಡವನ್ನು ಕಲಿಯಿರೆಂದು ಯಾವ ತಾಯಿಯೂ ಸಮ್ಮೇಳನದಲ್ಲಿ ಉಪನ್ಯಾಸ ಮಾಡಿದ್ದಿಲ್ಲ. ಗಣಕಭಾಷೆಯನ್ನಾದರೋ ಕಲಿಯುವವನು ಆರಿಸಿಕೊಳ್ಳಬೇಕು. ಆರಿಸುವಾಗ ಅದರ ಗುಣದೋಷಗಳು ಅವನಿಗೆ ತಿಳಿದಿರುವುದಿಲ್ಲ, ಏಕೆಂದರೆ ಅವುಗಳನ್ನು ತಿಳಿಯಲು ಮೊದಲು ಅದನ್ನು ಕಲಿತಿರಬೇಕು. ಆದುದರಿಂದ ಅವನಿಗೆ ಪ್ರತ್ಯಕ್ಷವೂ ಇಲ್ಲ, ಅನುಮಾನಕ್ಕೆ ಬೇಕಾದ ವ್ಯಾಪ್ತಿಜ್ಞಾನವೂ ಇಲ್ಲ. ಉಳಿದ ಪ್ರಮಾಣವು ಶಬ್ದವೊಂದೇ, ಎಂದರೆ ಬಲ್ಲವನೊಬ್ಬನ ಮಾತು.

ಬಾಗಲಗುಂಟೆಯ ಒಂದು ಬಾಡಿಗೆಯ ಮನೆಯ ಮಹಡಿಯ ಕೋಣೆಯಲ್ಲಿರುವ ತರುಣನೊಬ್ಬನನ್ನು ಊಹಿಸಿಕೊಳ್ಳಬಹುದು. ಹಗಲೆಲ್ಲ ಎಲ್ಲಿಯೋ ಸಣ್ಣದೊಂದು ಕೆಲಸ. ಅವನ ಬಂಡವಾಳವೆಂದರೆ ಸಂಜೆಯ ಎರಡು ಗಂಟೆಗಳು. ಸಮ್ಮೇಳನದ ಪ್ರವೇಶಧನವನ್ನು ತೆರಲಾರದೆ ಅವನು ಉಪನ್ಯಾಸಗಳ ಧ್ವನಿಚಿತ್ರಗಳನ್ನೂ ಸಂದರ್ಶನಗಳನ್ನೂ ತನ್ನ ಫೋನಿನಲ್ಲಿ ನೋಡುತ್ತಾನೆ. ಯಾವನೋ ಒಬ್ಬನು ವೇದಿಕೆಯ ಮೇಲೆ ಲೀಲೆಯಿಂದ ಓಡಾಡುತ್ತ, ಮುಂದಿನ ಹತ್ತು ವರ್ಷಗಳು ಈ ಭಾಷೆಯವೇ ಎನ್ನುತ್ತಾನೆ. ತರುಣನು ತನ್ನ ಸಂಜೆಗಳನ್ನು ಅದರಲ್ಲಿ ಹೂಡುತ್ತಾನೆ. ವಸ್ತ್ರವು ಕೆಟ್ಟದ್ದಾದರೆ ಅಂಗಡಿಗೆ ಹಿಂದಿರುಗಿಸಬಹುದು. ಸಂಜೆಗಳನ್ನು ಹಿಂದಿರುಗಿಸಿಕೊಳ್ಳುವ ಅಂಗಡಿಯು ಯಾವ ಪೇಟೆಯಲ್ಲಿದೆ?

ನೈಯಾಯಿಕರು ಶಬ್ದವನ್ನು ಪ್ರಮಾಣಗಳಲ್ಲಿ ಸೇರಿಸಿದಾಗ ಒಡನೆಯೇ ಒಂದು ಬೇಲಿಯನ್ನೂ ಹಾಕಿದರು. ಎಲ್ಲರ ಮಾತೂ ಪ್ರಮಾಣವಲ್ಲ. ಆಪ್ತನ ಮಾತು ಮಾತ್ರ ಪ್ರಮಾಣ. ಆಪ್ತನೆಂದರೆ ನಂಟನೆಂದೂ ಸ್ನೇಹಿತನೆಂದೂ ಇಂದಿನ ಬಳಕೆಯಲ್ಲಿ ಅರ್ಥವಾಗುವುದುಂಟು. ಶಾಸ್ತ್ರದ ಅರ್ಥವು ಬೇರೆ. ವಸ್ತುವನ್ನು ಸಾಕ್ಷಾತ್ತಾಗಿ ಕಂಡವನಾಗಿ, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾಗಿ ನುಡಿಯುವವನು ಆಪ್ತನೆಂದು ವಾತ್ಸ್ಯಾಯನನು ತನ್ನ ನ್ಯಾಯಭಾಷ್ಯದಲ್ಲಿ ವಿವರಿಸುತ್ತಾನೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುವ ಔದಾರ್ಯವೂ ಅವನಲ್ಲಿದೆ. ಕುಲವನ್ನಾಗಲಿ ವೇಷವನ್ನಾಗಲಿ ಸಭಾಮರ್ಯಾದೆಯನ್ನಾಗಲಿ ಅವನು ಕೇಳಲಿಲ್ಲ. ಕಂಡಿರಬೇಕು, ಕಂಡಂತೆ ಹೇಳುವ ಮನಸ್ಸಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಮಾತು ಬರಿಯ ಧ್ವನಿಯಾಗುತ್ತದೆ.

ಹಾಗಾದರೆ ಒಂದು ಭಾಷೆಯನ್ನು ಹುಟ್ಟಿಸಿದವನಿಗಿಂತ ಆಪ್ತನು ಬೇರೊಬ್ಬನಿರಲು ಸಾಧ್ಯವೆ? ಅವನಷ್ಟು ಹತ್ತಿರದಿಂದ ಅದನ್ನು ಕಂಡವರಾರು? ಸರಿಯೆ; ಆದರೆ ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯೂ ಇದೆಯಷ್ಟೆ. ಲಕ್ಷಣದ ಮೊದಲನೆಯ ಅರ್ಧವು ಯಾವನಲ್ಲಿ ಪೂರ್ಣವಾಗಿದೆಯೋ ಅವನಲ್ಲಿಯೇ ಎರಡನೆಯ ಅರ್ಧಕ್ಕೆ ವಿಘ್ನವು ಅಧಿಕ. ಈ ಇಕ್ಕಟ್ಟನ್ನು ದೃಷ್ಟಾಂತವಿಲ್ಲದೆ ಬಿಡಿಸಲಾಗದು. ದೃಷ್ಟಾಂತವು ಬೆಂಗಳೂರಿಗೆ ಸಂಬಂಧಪಟ್ಟದ್ದೇ ದೊರೆಯುತ್ತದೆ.

ಜೂಲಿಯಾ ಎಂಬ ಭಾಷೆಯನ್ನು ಜೆಫ್ ಬೆಜಾನ್ಸನ್, ಸ್ಟೀಫನ್ ಕಾರ್ಪಿನ್ಸ್ಕಿ, ವಿರಲ್ ಶಾ, ಅಲನ್ ಎಡಲ್‌ಮನ್ ಎಂಬ ನಾಲ್ವರು ೨೦೦೯ರಲ್ಲಿ ರಚಿಸಲು ತೊಡಗಿದರು. ಇವರಲ್ಲಿ ಶ್ರೀ ಶಾ ಅವರು ಭಾರತೀಯರು. ಆಧಾರ್ ಯೋಜನೆಯಲ್ಲಿ ಕೆಲಸಮಾಡಿ, ಆ ಅನುಭವವನ್ನು ಕುರಿತು ಶ್ರೀ ನಂದನ್ ನಿಲೇಕಣಿಯವರೊಡನೆ ೨೦೧೫ರಲ್ಲಿ ಒಂದು ಪುಸ್ತಕವನ್ನೂ ಬರೆದವರು. ಅದೇ ವರ್ಷ ಈ ಭಾಷೆಯ ಸುತ್ತ ಒಂದು ವ್ಯಾಪಾರಸಂಸ್ಥೆಯು ಸ್ಥಾಪಿತವಾಯಿತು. ಅದರ ಒಂದು ಶಾಖೆಯು ಬೆಂಗಳೂರಿನಲ್ಲಿ ನಡೆಯಿತು. ಗಣಿತದ ದೊಡ್ಡ ಲೆಕ್ಕಗಳನ್ನು ಮಾಡುವವರು ಅದುವರೆಗೆ ಎರಡು ಭಾಷೆಗಳ ಸಂಸಾರವನ್ನು ನಡೆಸುತ್ತಿದ್ದರು. ಆಲೋಚಿಸಲು ಸುಲಭವಾದ, ಆದರೆ ನಿಧಾನವಾಗಿ ನಡೆಯುವ ಒಂದು; ಅದರಲ್ಲಿ ಸರಿಯೆನಿಸಿದುದನ್ನು ವೇಗಕ್ಕಾಗಿ ಮತ್ತೆ ಬರೆಯಲು ಸಿ ಮೊದಲಾದ ಕಠಿಣವಾದ ಇನ್ನೊಂದು. ಮನೆಯಲ್ಲಿ ಕನ್ನಡದಲ್ಲಿ ಯೋಚಿಸಿ ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿಯನ್ನು ಬರೆಯುವವರಿಗೆ ಈ ಕಷ್ಟವು ಹೊಸದೇನೂ ಆಗಿರದು. ಎರಡನ್ನೂ ಒಂದರಲ್ಲಿಯೇ ಪಡೆಯಬೇಕೆಂಬುದು ಜೂಲಿಯಾದ ಸಂಕಲ್ಪ. ೨೦೧೨ನೆಯ ಫೆಬ್ರವರಿ ೧೪ರಂದು ಅವರು ತಮ್ಮ ಕೃತಿಯನ್ನು ಲೋಕಕ್ಕೆ ಅರಿಕೆಮಾಡಿದಾಗ, ತಾವು ದುರಾಸೆಯವರೆಂದು ತಾವೇ ಒಪ್ಪಿಕೊಂಡು, ತಮಗೆ ಏನೇನು ಬೇಕೆಂಬುದನ್ನು ಒಂದೊಂದಾಗಿ ಹೇಳಿದರು.

ಈ ಅರಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಅವರು ಹೇಳಿದ್ದರಲ್ಲಿ ಬಹುಭಾಗವು ಸಿದ್ಧಿಯ ವರ್ಣನೆಯಾಗಿರದೆ ಕಾಮನೆಯ ವರ್ಣನೆಯಾಗಿತ್ತು. ಬೇಕೆಂದು ಹೇಳಿದವನು ಸುಳ್ಳು ಹೇಳಿದವನಾಗಲಾರನು. ಕ್ರಿಯಾಪದವು ಬದಲಾದಾಗ ತೊಡಕು ಹುಟ್ಟುತ್ತದೆ. ಸಮ್ಮೇಳನಗಳಲ್ಲಿ ಒಂದು ವರ್ಷ 'ಬೇಕು' ಎಂದಿದ್ದುದು ಎರಡನೆಯ ವರ್ಷ 'ಆಗುವುದು' ಎಂದಾಗಿ, ಮೂರನೆಯ ವರ್ಷ ಬೇರೊಬ್ಬ ಉಪನ್ಯಾಸಕನ ಬಾಯಲ್ಲಿ 'ಆಗಿದೆ' ಎಂದಾಗುತ್ತದೆ. ವಸ್ತುವು ಮಾತ್ರ ಇದ್ದಲ್ಲಿಯೇ ಇರುತ್ತದೆ. ಇದು ಯಾವುದೋ ಒಂದು ಭಾಷೆಯ ಭಕ್ತರ ದೋಷವಲ್ಲ; ಎಲ್ಲ ಭಾಷೆಗಳ ಸಭೆಗಳಲ್ಲಿಯೂ ಕಾಣತಕ್ಕದ್ದು. ವ್ಯಾಕರಣವನ್ನೋದಿದವರಿಗೆ ಇಲ್ಲಿ ನಗು ಬಂದರೆ ತಪ್ಪಿಲ್ಲ. ವರ್ತಮಾನಕ್ಕೆ ಸಮೀಪವಾದ ಕಾಲದಲ್ಲಿ ವರ್ತಮಾನದ ಪ್ರತ್ಯಯವನ್ನೇ ವಿಕಲ್ಪವಾಗಿ ಬಳಸಬಹುದೆಂದು ಪಾಣಿನಿಯು ಅನುಮತಿಯಿತ್ತಿದ್ದಾನೆ. ಯಾವಾಗ ಹೊರಡುವೆಯೆಂದು ಕೇಳಿದರೆ, ಇನ್ನೂ ಪಂಚೆಯನ್ನುಡುತ್ತಿರುವವನು 'ಇಗೋ ಹೊರಟೆ' ಎನ್ನುವುದಿಲ್ಲವೆ? ಆದರೆ ಪಾಣಿನಿಯು ಸಾಮೀಪ್ಯಕ್ಕೆ ಗಡಿಯನ್ನು ಅಳೆದುಕೊಡಲಿಲ್ಲ. ಸಮ್ಮೇಳನದ ವಕ್ತಾರರು ಆ ಸಾಮೀಪ್ಯವನ್ನು ಐದಾರು ವರ್ಷಗಳವರೆಗೆ ಎಳೆದಿದ್ದಾರೆ. ಜೂಲಿಯಾದ ಒಂದನೆಯ ಪೂರ್ಣಾವೃತ್ತಿಯು ಹೊರಬಿದ್ದುದು ೨೦೧೮ನೆಯ ಆಗಸ್ಟಿನಲ್ಲಿ, ಲಂಡನ್ನಿನ ಸಮ್ಮೇಳನದಲ್ಲಿ. ಅರಿಕೆಯಾದ ಆರು ವರ್ಷಗಳ ಮೇಲೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ, ಅದು ದುರ್ಬಲವಾದುದೂ ಅಲ್ಲ. ಸಮ್ಮೇಳನದ ಹೊಗಳಿಕೆಯೆಂಬುದು ಮೀಮಾಂಸಕರು ಹೇಳುವ ಅರ್ಥವಾದದಂತೆ. ಅರ್ಥವಾದವಾಕ್ಯಕ್ಕೆ ತನ್ನ ಅಕ್ಷರಾರ್ಥದಲ್ಲಿ ತಾತ್ಪರ್ಯವಿರುವುದಿಲ್ಲ. ಹತ್ತಿರದ ವಿಧಿಯೊಂದಕ್ಕೆ ಸೇರಿಕೊಂಡು, ಕೇಳುವವನಲ್ಲಿ ರುಚಿಯನ್ನು ಹುಟ್ಟಿಸಿ, ಅವನನ್ನು ಕರ್ಮದಲ್ಲಿ ಪ್ರವರ್ತಿಸುವುದೇ ಅದರ ಕೆಲಸ. ಅಂತೆಯೇ ಉಪನ್ಯಾಸಕನ ಉತ್ಪ್ರೇಕ್ಷೆಯನ್ನು ಯಾರೂ ಅಕ್ಷರಶಃ ನಂಬುವುದಿಲ್ಲ. 'ಇದನ್ನೊಮ್ಮೆ ಪರೀಕ್ಷಿಸಿ ನೋಡಿ' ಎಂಬ ವಿಧಿಗೆ ಅದು ಅಂಗ. ಅಲ್ಲದೆ, ಹೊಸದಾಗಿ ಹುಟ್ಟಿದ ವಸ್ತುವು ಕೆಲವು ವರ್ಷಗಳ ಕಾಲ ಆಶ್ವಾಸನೆಯ ಹಾಲನ್ನು ಕುಡಿದೇ ಬದುಕಬೇಕು. ಮೊದಲ ದಿನವೇ ಅದರ ದೋಷಗಳನ್ನೆಲ್ಲ ಸಾರಿದರೆ ಯಾರೂ ಬಳಿಗೆ ಬರರು, ಬಾರದಿದ್ದರೆ ದೋಷಗಳು ತಿದ್ದಲ್ಪಡವು. ಆಗ ಸತ್ಯವಾದಿಯು ಶಿಶುಹತ್ಯೆಯನ್ನು ಮಾಡಿದಂತಾಗುವುದಿಲ್ಲವೆ?

ಇದರ ಎರಡನೆಯ ಭಾಗಕ್ಕೆ ಸ್ವಲ್ಪ ಮರ್ಯಾದೆಯನ್ನು ಕೊಡಲೇಬೇಕು. ಮೊದಲನೆಯದಕ್ಕೆ ಉತ್ತರವು ಮೀಮಾಂಸೆಯಲ್ಲಿಯೇ ಇದೆ. ವೇದದ ಅರ್ಥವಾದದಲ್ಲಿ ಅತಿಶಯೋಕ್ತಿಯು ದೋಷವಾಗದಿರುವುದಕ್ಕೆ ಕಾರಣವೇನು? ಅವರ ಮತದಲ್ಲಿ ವೇದವು ಅಪೌರುಷೇಯ. ಹೇಳಿದವನೊಬ್ಬನಿಲ್ಲ, ಆದುದರಿಂದ ಹೇಳಿದವನಿಗೆ ಲಾಭವೂ ಇಲ್ಲ. ಮನುಷ್ಯನ ಮಾತಿಗಾದರೋ ಭ್ರಮ, ಪ್ರಮಾದ, ಮೋಸಮಾಡುವ ಇಚ್ಛೆ, ಇಂದ್ರಿಯಗಳ ಅಪಟುತ್ವ ಎಂಬ ನಾಲ್ಕು ಕಳಂಕಗಳ ಸಂಭವವನ್ನು ಶಾಸ್ತ್ರಕಾರರು ಹೇಳಿದ್ದಾರೆ. ಸಮ್ಮೇಳನದ ಉಪನ್ಯಾಸವು ಶುದ್ಧವಾಗಿ ಪೌರುಷೇಯ. ಹೇಳುವವನಿಗೆ ಸಂಬಳ ಕೊಡುವವರಿದ್ದಾರೆ. ಅವನ ಸಂಸ್ಥೆಗೆ ಹಣ ಹೂಡಿದವರಿದ್ದಾರೆ. ಅದಾವುದೂ ಇಲ್ಲದಿದ್ದರೆ ಕೀರ್ತಿಯಾದರೂ ಇದೆ. ಅಪೌರುಷೇಯ ವಾಕ್ಯದ ಸಲುಗೆಯನ್ನು ಅವನು ಯಾವ ಹಕ್ಕಿನಿಂದ ಕೇಳುತ್ತಾನೆ?

ನಾಲ್ಕು ಕಳಂಕಗಳಲ್ಲಿ ಮೋಸದ ಇಚ್ಛೆಯು ಈ ಸಭೆಗಳಲ್ಲಿ ವಿರಳವೆಂದೇ ಹೇಳಬೇಕು. ಬಂದವರಲ್ಲಿ ಹೆಚ್ಚಿನವರು ಸಜ್ಜನರು, ತಮ್ಮ ಭಾಷೆಯನ್ನು ನಿಜವಾಗಿ ಪ್ರೀತಿಸುವವರು. ಹೆಚ್ಚಾಗಿ ಕಾಣುವುದು ಪ್ರಮಾದ, ಎಂದರೆ ಎಚ್ಚರದಪ್ಪುವಿಕೆ. ಹದಿನೈದು ದಿನ ಬಳಸಿದುದನ್ನು ಹದಿನೈದು ವರ್ಷ ಬಳಸಿದಂತೆ ಹೇಳುವುದು; ಸಣ್ಣ ಲೆಕ್ಕದಲ್ಲಿ ಕಂಡ ವೇಗವನ್ನು ದೊಡ್ಡ ಕೆಲಸಕ್ಕೂ ಹಂಚಿಬಿಡುವುದು; ತನಗೆ ಎದುರಾಗದ ದೋಷವು ಇಲ್ಲವೇ ಇಲ್ಲವೆಂದು ಭಾವಿಸುವುದು. ಇದರಲ್ಲಿ ದುಷ್ಟತನವಿಲ್ಲ. ಬಾಗಲಗುಂಟೆಯ ತರುಣನ ಸಂಜೆಗಳು ಮಾತ್ರ ದುಷ್ಟನಿಂದ ಹಾಳಾದಷ್ಟೇ ಇದರಿಂದಲೂ ಹಾಳಾಗುತ್ತವೆ.

೨೦೧೯ನೆಯ ಜುಲೈ ತಿಂಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜೂಲಿಯಾದ ವಾರ್ಷಿಕ ಸಮ್ಮೇಳನವು ನಡೆಯಿತು. ಆ ವರ್ಷವೇ ಬೆಜಾನ್ಸನ್, ಕಾರ್ಪಿನ್ಸ್ಕಿ, ಶಾ ಈ ಮೂವರಿಗೆ ಗಣಿತದ ತಂತ್ರಾಂಶಕ್ಕಾಗಿ ಕೊಡುವ ವಿಲ್ಕಿನ್ಸನ್ ಬಹುಮಾನವೂ ಬಂದಿದ್ದಿತು. ಸಂಭ್ರಮದ ವರ್ಷ. ಆ ಸಭೆಯಲ್ಲಿ ಕಾರ್ಪಿನ್ಸ್ಕಿಯವರು ತಮ್ಮ ಭಾಷೆಯ ಜೀವಾಳವಾದ ಒಂದು ಗುಣವನ್ನು ಕುರಿತು ಮಾತನಾಡಿದರು. ಆ ಗುಣವನ್ನು ಸಂಧಿಯ ದೃಷ್ಟಾಂತದಿಂದ ತಿಳಿಯಬಹುದು. ಅಕಾರದ ಮುಂದೆ ಇಕಾರವು ಬಂದರೆ ಏಕಾರ, ಉಕಾರವು ಬಂದರೆ ಓಕಾರ. ಇಕಾರವೇ ಮೊದಲಿದ್ದು ಅಕಾರವು ಮುಂದಾದರೆ ಯಕಾರ. ಪೂರ್ವವರ್ಣವೊಂದನ್ನೇ ನೋಡಿ ಕಾರ್ಯವನ್ನು ನಿರ್ಣಯಿಸಲಾಗದು, ಪೂರ್ವಪರಗಳೆರಡನ್ನೂ ನೋಡಬೇಕು. ಹಾಗೆಯೇ ಜೂಲಿಯಾದಲ್ಲಿ ಒಂದು ಕ್ರಿಯೆಯು ಯಾವ ರೀತಿಯಲ್ಲಿ ನಡೆಯಬೇಕೆಂಬುದನ್ನು ಅದಕ್ಕೆ ಕೊಟ್ಟ ಎಲ್ಲ ವಸ್ತುಗಳ ಜಾತಿಯೂ ಸೇರಿ ನಿರ್ಣಯಿಸುತ್ತದೆ. ಇದರ ಫಲವಾಗಿ, ಪರಸ್ಪರ ಮುಖವನ್ನೇ ಕಾಣದ ಇಬ್ಬರು ಬೇರೆ ಬೇರೆಯಾಗಿ ಬರೆದ ಭಾಗಗಳು ತಾವಾಗಿಯೇ ಕೂಡಿಕೊಂಡು ಕೆಲಸಮಾಡುತ್ತವೆ. ಇದು ಸೋಜಿಗದ ಗುಣವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಹೊಗಳಿದುದು ನ್ಯಾಯವೇ.

ಅದೇ ಸಮ್ಮೇಳನದಲ್ಲಿ ಬೆಜಾನ್ಸನ್ನರೂ ಮಾತನಾಡಲು ಎದ್ದರು. ನಾಲ್ವರಲ್ಲಿ ಭಾಷೆಯ ಒಡಲನ್ನು ಅತ್ಯಂತ ಹತ್ತಿರದಿಂದ ಬಲ್ಲವರಲ್ಲಿ ಅವರೊಬ್ಬರು. ಅವರು ಆರಿಸಿಕೊಂಡ ವಿಷಯವು ಜೂಲಿಯಾದಲ್ಲಿ ಕೆಟ್ಟದ್ದೇನೆಂಬುದು. ತಾಯಿಯು ನೆರೆದ ನೆಂಟರ ಮುಂದೆ ಮಗುವಿನ ಕುಂದುಗಳನ್ನು ಎತ್ತಿ ಹೇಳಿದಂತೆ, ತನ್ನ ಭಾಷೆಯನ್ನು ಕೊಂಡಾಡಲು ದೂರದಿಂದ ಬಂದವರ ಮುಂದೆಯೇ ಅದರ ದೋಷಗಳನ್ನು ಹೇಳುವುದನ್ನು ಅವರು ತಮ್ಮ ಕರ್ತವ್ಯವನ್ನಾಗಿ ಮಾಡಿಕೊಂಡರು. ಭಾಷೆಯು ಅದರಿಂದ ಸಾಯಲಿಲ್ಲ. ಪೂರ್ವಪಕ್ಷದವರು ಹೇಳಿದ ಶಿಶುಹತ್ಯೆಯು ನಡೆಯಲಿಲ್ಲವೆಂಬುದನ್ನು ಗಮನಿಸಬೇಕು. ಉದಾಹರಣೆಗೆ, ಬಳಸುವವರೆಲ್ಲ ಬಲ್ಲ ಕುಂದೊಂದಿತ್ತು: ಒಂದು ಕೆಲಸವನ್ನು ಮೊದಲ ಸಲ ಹೇಳಿದಾಗ ಯಂತ್ರವು ಬಹಳ ಹೊತ್ತು ಸುಮ್ಮನಿದ್ದು ಅನಂತರ ವೇಗವಾಗಿ ನಡೆಯುತ್ತಿತ್ತು, ಹೆಂಚು ಕಾಯುವವರೆಗೆ ಮೊದಲ ದೋಸೆಗೆ ಕಾಯಬೇಕಾದಂತೆ. ಪ್ರತಿದಿನವೂ ಹೆಂಚನ್ನು ಹೊಸದಾಗಿ ಕಾಯಿಸಬೇಕಾಗಿದ್ದುದೇ ಬೇಸರಕ್ಕೆ ಕಾರಣ. ೨೦೨೩ರ ಆವೃತ್ತಿಯಲ್ಲಿ, ಒಮ್ಮೆ ಸಿದ್ಧಪಡಿಸಿದುದನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳುವ ವ್ಯವಸ್ಥೆಯು ಬಂದು ಈ ಕುಂದು ಬಹುಮಟ್ಟಿಗೆ ತಗ್ಗಿತು.

ಇನ್ನೊಂದು ದೋಷದ ಕಥೆಯು ಅಷ್ಟು ಸುಖಾಂತವಲ್ಲ. ೨೦೨೨ನೆಯ ಮೇ ತಿಂಗಳಲ್ಲಿ, ಆ ಭಾಷೆಯನ್ನು ಕೆಲವು ವರ್ಷ ಪ್ರೀತಿಯಿಂದ ಬಳಸಿದ್ದ ಒಬ್ಬನು ತಾನು ಇನ್ನು ಅದನ್ನು ಇತರರಿಗೆ ಹೇಳಲಾರೆನೆಂದು ಕಾರಣಸಹಿತವಾಗಿ ಬರೆದನು. ಅವನ ದೂರಿನ ಒಂದು ತಿರುಳು ಇದು. ಜೂಲಿಯಾದಲ್ಲಿ ಸಾಲಾಗಿಟ್ಟ ಅಂಕಿಗಳನ್ನು ಸಾಮಾನ್ಯವಾಗಿ ಒಂದರಿಂದ ಎಣಿಸುತ್ತಾರೆ. ಬೇರೆ ಸಂಖ್ಯೆಯಿಂದ ಎಣಿಕೆಯು ಮೊದಲಾಗುವ ಸಾಲುಗಳನ್ನು ಯಾರೋ ರಚಿಸಿದರು. ಒಂದರಿಂದಲೇ ಎಣಿಕೆಯೆಂದು ನಂಬಿ ಇನ್ನಾರೋ ಕ್ರಿಯೆಗಳನ್ನು ಬರೆದಿದ್ದರು. ಎರಡೂ ಮುಖವನ್ನೇ ಕಾಣದೆ ಕೂಡಿಕೊಂಡವು. ಕೂಡಿಕೊಂಡು ತಪ್ಪು ಉತ್ತರವನ್ನು ಕೊಟ್ಟವು. ತಪ್ಪಾಯಿತೆಂಬ ಸೂಚನೆಯನ್ನೂ ಕೊಡಲಿಲ್ಲ. ವೇದಿಕೆಯ ಮೇಲೆ ಹೊಗಳಿಸಿಕೊಂಡ ಗುಣವೂ ಈ ದೋಷದ ಬೇರೂ ಒಂದೇ ಎಂಬುದನ್ನು ನೋಡಬೇಕು. ಬಹುಶಃ ಎಲ್ಲ ದೊಡ್ಡ ಗುಣಗಳ ವಿಷಯವೂ ಹೀಗೆಯೇ. ಉದಾರಿಯ ಮನೆಯಲ್ಲಿಯೇ ಸಾಲ ಹೆಚ್ಚು. ಹಾಗಿರುವಾಗ ಗುಣವನ್ನು ಮಾತ್ರ ಹೇಳಿದವನು ಅರ್ಧ ಸತ್ಯವನ್ನು ಹೇಳಿದನೆನ್ನುವುದು ಕೂಡ ಅವನಿಗೆ ತೋರಿಸಿದ ರಿಯಾಯಿತಿಯೇ. ಆ ಗುಣವು ಎಂತಹದೆಂಬುದನ್ನೇ ಅವನು ಹೇಳಿದಂತಾಗಲಿಲ್ಲ.

ಪೀಣ್ಯದ ಕಾರ್ಖಾನೆಯಲ್ಲಿ ಹಳೆಯ ಕೆಲಸಗಾರನು ಹೊಸ ಹುಡುಗನಿಗೆ ಲೇತನ್ನು ಪರಿಚಯಮಾಡಿಕೊಡುವ ಕ್ರಮವನ್ನು ಇದರೊಡನೆ ಹೋಲಿಸಬಹುದು. ಈ ತಿರುಪಿನಲ್ಲಿ ಇಷ್ಟು ಸಡಿಲವಿದೆ, ಹಿಂದಕ್ಕೆ ತಿರುಗಿಸುವಾಗ ಅದನ್ನು ಕಳೆದು ಅಳತೆಯನ್ನು ಹಿಡಿ. ತೋಳಿನ ಅಂಗಿಯನ್ನು ಮಡಿಚಿಕೋ. ಚಕ್ರವು ತಿರುಗುತ್ತಿರುವಾಗ ಚೂರುಗಳನ್ನು ಕೈಯಿಂದ ಎಳೆಯಬೇಡ. ಅವನು ಯಂತ್ರದ ನಿಂದಕನೇನೂ ಅಲ್ಲ. ಮೂವತ್ತು ವರ್ಷ ಅದರಿಂದ ಅನ್ನವನ್ನುಂಡವನು, ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟವನು. ಯಂತ್ರವನ್ನು ಮಾರುವವನ ಪತ್ರಿಕೆಯಲ್ಲಿ ಈ ಮಾತುಗಳು ಇರುವುದಿಲ್ಲ. ಹುಡುಗನ ಬೆರಳುಗಳು ಉಳಿಯುವುದು ಯಾರ ಮಾತಿನಿಂದೆಂಬುದು ತಂದೆಗೆ ಗೊತ್ತು. ಮಗನು ಫೋನಿನಲ್ಲಿ ಕೇಳುವ ಉಪನ್ಯಾಸಕನು ಈ ಇಬ್ಬರಲ್ಲಿ ಯಾರ ಕಡೆಯವನು?

ದೋಷವನ್ನು ಹೇಳಿದರೆ ಸಾಲದು, ಯಾವಾಗ ಹೇಳಿದನೆಂಬುದೂ ವಿಚಾರ್ಯ. ಟೋನಿ ಹೋರ್ ಎಂಬ ಇಂಗ್ಲಿಷ್ ವಿದ್ವಾಂಸರು ೧೯೬೫ರಲ್ಲಿ ಆಲ್ಗಾಲ್ ಡಬ್ಲ್ಯು ಎಂಬ ಭಾಷೆಯನ್ನು ರೂಪಿಸುವಾಗ, ಯಾವುದನ್ನೂ ತೋರಿಸದ ಶೂನ್ಯವಾದ ಗುರುತೊಂದನ್ನು ಅದರಲ್ಲಿ ಸೇರಿಸಿದರು. ಮನೆಯೇ ಇಲ್ಲದ ವಿಳಾಸವೊಂದನ್ನು ಅಂಚೆಯವನ ಕೈಗೆ ಕೊಟ್ಟಂತೆ. ಸೇರಿಸುವುದು ಸುಲಭವಾಗಿತ್ತೆಂಬುದೇ ಕಾರಣ. ಮುಂದೆ ಬಂದ ಎಷ್ಟೋ ಭಾಷೆಗಳು ಅದನ್ನು ಅನುಸರಿಸಿದವು. ಎಷ್ಟೋ ಕಾರ್ಯಗಳು ಆ ಬರಿದಾದ ವಿಳಾಸದಲ್ಲಿ ಎಡವಿ ನಿಂತವು. ೨೦೦೯ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಹೋರ್ ಅವರು ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಒಪ್ಪಿಕೊಂಡರು. ನಲವತ್ತನಾಲ್ಕು ವರ್ಷಗಳ ಮೇಲೆ. ವೃದ್ಧನೊಬ್ಬನು ಯಾರೂ ಒತ್ತಾಯಿಸದೆ ಮಾಡಿದ ಈ ನಿವೇದನೆಯಲ್ಲಿ ದೊಡ್ಡತನವಿದೆ. ಕೇಳಿದವರ ಕಣ್ಣುಗಳು ಅದರಿಂದ ತೆರೆದವು. ನಷ್ಟವನ್ನುಂಡವರಿಗೆ ಅದು ತರ್ಪಣವಾಯಿತೇ ಹೊರತು ಅನ್ನವಾಗಲಿಲ್ಲ.

ಇದಕ್ಕಿಂತ ಹೆಚ್ಚು ಗಹನವಾದುದು ರಯಾನ್ ಡಾಲ್ ಎಂಬವರ ಪ್ರಸಂಗ. ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೌಸರಿನ ಹೊರಗೆ ನಡೆಸುವ ನೋಡ್ ಎಂಬ ಉಪಕರಣವನ್ನು ಅವರು ೨೦೦೯ರಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ತೋರಿಸಿದಾಗ ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ೨೦೧೮ರಲ್ಲಿ, ಅದೇ ಊರಿನ ಅದೇ ಸಮ್ಮೇಳನಕ್ಕೆ ಮರಳಿ ಬಂದು, ಆ ಉಪಕರಣದ ವಿಷಯದಲ್ಲಿ ತಮಗಿರುವ ಹತ್ತು ಪಶ್ಚಾತ್ತಾಪಗಳನ್ನು ಹೇಳಿಕೊಂಡರು. ಹೇಳಿಕೊಂಡು ಅದೇ ಉಪನ್ಯಾಸದಲ್ಲಿ ಡೀನೋ ಎಂಬ ತಮ್ಮ ಇನ್ನೊಂದು ಹೊಸ ಉಪಕರಣವನ್ನು ಪರಿಚಯಮಾಡಿಕೊಟ್ಟರು. ಇದನ್ನು ಪ್ರಾಯಶ್ಚಿತ್ತವೆನ್ನಬೇಕೋ ಪ್ರಸ್ತಾವನೆಯೆನ್ನಬೇಕೋ? ಹಳೆಯ ಮನೆಯ ಬಿರುಕುಗಳನ್ನು ಸತ್ಯವಾಗಿ ತೋರಿಸಿದವನು ಹೊಸಮನೆಯನ್ನು ಮಾರುವವನೂ ಆಗಿದ್ದರೆ, ಬಿರುಕುಗಳು ಸುಳ್ಳಾಗುವುದಿಲ್ಲ. ಆದರೆ ಕೇಳುಗನು ತನ್ನ ಹಣದ ಚೀಲದ ಮೇಲೆ ಕೈಯಿಟ್ಟುಕೊಂಡು ಕೇಳುವುದು ಅವಮಾನವೂ ಅಲ್ಲ. ಪಶ್ಚಾತ್ತಾಪವು ಶುದ್ಧವೇ ಎಂಬುದನ್ನು ಹೊರಗಿನವನು ನಿರ್ಣಯಿಸಲಾರನು. ಹೊಸದರ ದೋಷಗಳನ್ನೂ ಅದೇ ಉಸಿರಿನಲ್ಲಿ ಹೇಳಿದನೆ ಎಂದು ಮಾತ್ರ ಅವನು ಕೇಳಬಲ್ಲನು.

ಪೈಥಾನಿನ ವಿಷಯದಲ್ಲಿ ಮತ್ತೊಂದು ಬಗೆಯ ನಡವಳಿಕೆಯು ಕಾಣುತ್ತದೆ. ಅದನ್ನು ರಚಿಸಿದ ಗೀಡೋ ವಾನ್ ರಾಸಮ್ ಎಂಬವರೂ ಸಂಗಡಿಗರೂ ಹಳೆಯ ತಪ್ಪುಗಳನ್ನು ತಿದ್ದಿ ಮೂರನೆಯ ಪೀಳಿಗೆಯನ್ನು ೨೦೦೮ನೆಯ ಡಿಸೆಂಬರಿನಲ್ಲಿ ಹೊರತಂದರು. ಎರಡನೆಯ ಪೀಳಿಗೆಯಲ್ಲಿ ಐದನ್ನು ಎರಡರಿಂದ ಭಾಗಿಸಿದರೆ ಎರಡೆಂದು ಬರುತ್ತಿತ್ತು, ಮೂರನೆಯದರಲ್ಲಿ ಎರಡೂವರೆ. ತಿದ್ದ ಬೇಕಾದುದೇ, ಆದರೆ ಹಳೆಯ ಬರವಣಿಗೆಯು ಹೊಸದರಲ್ಲಿ ನಡೆಯದಾಯಿತು. ಹಳೆಯದನ್ನು ೨೦೧೫ರವರೆಗೆ ಕಾಪಾಡುವೆವೆಂದು ಹೇಳಿದ್ದವರು ಜನರ ಕಷ್ಟವನ್ನು ನೋಡಿ ೨೦೨೦ರವರೆಗೆ ಗಡುವನ್ನು ಮುಂದೆ ಹಾಕಿದರು. ಹನ್ನೊಂದು ವರ್ಷಗಳು! ಅದನ್ನು ಆಡಳಿತದ ಗೊಂದಲವೆಂದು ನಿಂದಿಸಿದವರುಂಟು. ತಮ್ಮ ಮಾತನ್ನು ನಂಬಿ ಬಂದವರ ಸಂಜೆಗಳನ್ನು ಲೆಕ್ಕಕ್ಕೆ ಹಿಡಿದುದೆಂದೂ ಅದನ್ನು ಓದಬಹುದು. ಮೊದಲು ಎತ್ತಿದ ಋಣದ ಪ್ರಶ್ನೆಗೆ ಇಲ್ಲಿ ಒಂದು ಉತ್ತರದ ಛಾಯೆಯಿದೆ.

ಇನ್ನು ಸಂದರ್ಶನ. ಉಪನ್ಯಾಸದಲ್ಲಿ ವಕ್ತಾರನು ತನಗೆ ಬೇಕಾದುದನ್ನು ಹೇಳಿ ಬೇಡದುದನ್ನು ಬಿಡಬಹುದು. ಸಂದರ್ಶನದಲ್ಲಿ ಎದುರಿಗೆ ಪ್ರಶ್ನೆಯು ಕುಳಿತಿರುತ್ತದೆ. ಆದುದರಿಂದ ಅಲ್ಲಿ ಪರೀಕ್ಷೆಯು ಬೇರೆ: ತಿಳಿಯದುದನ್ನು ಕೇಳಿದಾಗ ಏನು ಮಾಡುತ್ತಾನೆ? ಪ್ರಶ್ನೋಪನಿಷತ್ತಿನಲ್ಲಿ ಭಾರದ್ವಾಜನಾದ ಸುಕೇಶನು ತನ್ನದೇ ಕಥೆಯೊಂದನ್ನು ಹೇಳುತ್ತಾನೆ. ಕೋಸಲದ ರಾಜಕುಮಾರನಾದ ಹಿರಣ್ಯನಾಭನು ಅವನ ಬಳಿಗೆ ಬಂದು ಷೋಡಶಕಲೆಯ ಪುರುಷನನ್ನು ಬಲ್ಲೆಯಾ ಎಂದು ಕೇಳಿದನಂತೆ. ಬಲ್ಲವನೆಂದೇ ಹೆಸರಾದ ಸುಕೇಶನು ತಾನರಿಯೆನೆಂದನು. ಬಲ್ಲವನಾಗಿದ್ದರೆ ಹೇಳದಿರುತ್ತಿದ್ದೆನೆ, ಅನೃತವನ್ನಾಡಿದವನು ಬೇರುಸಹಿತ ಒಣಗಿಹೋಗುತ್ತಾನೆಂದು ಸಮಾಧಾನವನ್ನೂ ಹೇಳಿದನು. ರಾಜಕುಮಾರನು ಮಾತಿಲ್ಲದೆ ರಥವನ್ನೇರಿ ಹೊರಟುಹೋದನು. ಮರ್ಯಾದೆಯು ಹೋಯಿತೆಂದು ಸುಕೇಶನು ಸುಮ್ಮನಾಗಲಿಲ್ಲ. ಆ ಪ್ರಶ್ನೆಯನ್ನೇ ಹೊತ್ತು ಪಿಪ್ಪಲಾದನ ಬಳಿಗೆ ಬಂದು ಕೇಳಿದನು. ಆ ಪಿಪ್ಪಲಾದನಾದರೂ ಬಂದ ಆರು ಮಂದಿಗೆ ಮೊದಲೇ ಹೇಳಿದ್ದನು: ಒಂದು ವರ್ಷ ಇಲ್ಲಿದ್ದು ಅನಂತರ ಕೇಳಿ, ತಿಳಿದಿದ್ದರೆ ಎಲ್ಲವನ್ನೂ ಹೇಳುವೆನೆಂದು. ಆ 'ತಿಳಿದಿದ್ದರೆ' ಎಂಬ ಒಂದು ಪದಕ್ಕೆ ಎಷ್ಟು ಬೆಲೆ! ಒಂದು ಗಂಟೆಯ ಸಂದರ್ಶನದಲ್ಲಿ, ಕೆಲಸಗಳ ಭವಿಷ್ಯವೇನು, ಬುದ್ಧಿಯುಳ್ಳ ಯಂತ್ರಗಳು ಬಂದ ಮೇಲೆ ಈ ಭಾಷೆಯ ಗತಿಯೇನು ಎಂದು ಸಂದರ್ಶಕನು ಕೇಳುತ್ತಾನೆ. ವಕ್ತಾರನು ಎಲ್ಲಕ್ಕೂ ಉತ್ತರವನ್ನು ಕೊಡುತ್ತಾನೆ. ರಥವನ್ನೇರಿ ಹೊರಟುಹೋಗುವ ರಾಜಕುಮಾರನ ಭಯವು ಅವನಿಗೆ ಅಷ್ಟು ದೊಡ್ಡದು.

ಕೇಳುಗರ ಮೇಲೆಯೂ ಸ್ವಲ್ಪ ದೋಷವಿದೆಯೆನ್ನದೆ ವಿಧಿಯಿಲ್ಲ. ದೋಷವನ್ನು ಹೇಳುವ ಉಪನ್ಯಾಸಕ್ಕೆ ಬೆಲೆಕೊಡದೆ ಹೊಗಳಿಕೆಗೆ ನೆರೆಯುವವರು, ಹೊಗಳುವವರನ್ನೇ ಪಡೆಯುತ್ತಾರೆ. ಆದರೂ ಇಬ್ಬರ ಹೊಣೆಯು ಸಮವಲ್ಲ. ಕಂಡವನು ಒಬ್ಬನು, ಕಾಣದವನು ಇನ್ನೊಬ್ಬನು.

ಈ ಸಭೆಗಳಿಗೆ ಹೋಗಿಬಂದವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ನಲವತ್ತು ನಿಮಿಷಗಳ ಉಪನ್ಯಾಸವಾದ ಮೇಲೆ ಪ್ರಶ್ನೆಗೆ ಐದು ನಿಮಿಷ. ಅಷ್ಟರಲ್ಲಿ ಊಟದ ಹೊತ್ತಾಯಿತೆಂದು ಸಭೆಯನ್ನು ನಡೆಸುವವನು ಎದ್ದುನಿಲ್ಲುತ್ತಾನೆ, ಹಿಂದಿನ ಸಾಲಿನಲ್ಲಿ ಎತ್ತಿದ್ದ ಕೈಗಳು ಕೆಳಗಿಳಿಯುತ್ತವೆ. ಅನಂತರ ಊಟದ ಸಾಲಿನಲ್ಲಿ ತಟ್ಟೆಯನ್ನು ಹಿಡಿದು ನಿಂತಿರುವ ಉಪನ್ಯಾಸಕನನ್ನು ಒಬ್ಬಿಬ್ಬರು ಹೋಗಿ ಮಾತನಾಡಿಸುತ್ತಾರೆ. "ನಿಜವಾಗಿ ನಿಮ್ಮ ಕೆಲಸದಲ್ಲಿ ಇದನ್ನು ಬಳಸುತ್ತಿದ್ದೀರಾ, ಸರ್?" ಎಂದು ಕೇಳುತ್ತಾರೆ. ಆಗ ಅವನು ದನಿಯನ್ನು ತಗ್ಗಿಸಿ ಸ್ನೇಹದಿಂದ ಹೇಳುತ್ತಾನೆ: "ಒಂದು ಸಣ್ಣ ಭಾಗಕ್ಕೆ ಮಾತ್ರ. ದೊಡ್ಡದಕ್ಕೆ ಹಚ್ಚಿ ನೋಡಿದೆವು, ಆಗಲಿಲ್ಲ, ಹಳೆಯದಕ್ಕೇ ಹಿಂದಿರುಗಿದೆವು." ಇಷ್ಟು ಹೊತ್ತಿಗೆ ಅವನು ಸಂಪೂರ್ಣವಾಗಿ ಆಪ್ತನಾಗಿದ್ದಾನೆ, ವಾತ್ಸ್ಯಾಯನನ ಲಕ್ಷಣದಲ್ಲಿ ಒಂದಕ್ಷರವೂ ಕೊರತೆಯಿಲ್ಲ. ಚಿತ್ರವನ್ನು ಹಿಡಿಯುವ ಯಂತ್ರವು ಮಾತ್ರ ಒಳಗೆ, ಬರಿದಾದ ವೇದಿಕೆಯ ಮುಂದೆ ಮುಸುಕು ಹೊದ್ದು ನಿಂತಿರುತ್ತದೆ. ಬಾಗಲಗುಂಟೆಯ ಮಹಡಿಯ ಕೋಣೆಗೆ ಆ ರಾತ್ರಿ ತಲಪುವುದು ಮೊದಲಿನ ನಲವತ್ತು ನಿಮಿಷಗಳು.